ಡಿ ದರ್ಜೆಗೆ ಅರ್ಜಿ

ಶುಕ್ರವಾರ ಸಂಜೆ ಐದಕ್ಕೆ ಬಾಗಿಲು ಮುಚ್ಚುತ್ತದೆ.
ಅಷ್ಟರೊಳಗೆ ನನ್ನ ಹನ್ನೊಂದು ವರ್ಷ
ಮುನ್ನೂರು ಪದಗಳಲ್ಲಿ ಕಾಲು ಮಡಚಿ ಕೂರಬೇಕು.
ಫಾರಂ ಕೇಳುತ್ತದೆ: ನಿಮ್ಮಿಂದ ಆದ ಪರಿಣಾಮವೇನು?
ಗೋಧಿಯ ಬೇರು ತಿನ್ನುವ ಹುಳುವನ್ನು ಕೇಳಿದ್ದರೆ
ಥಟ್ಟನೆ ಹೇಳುತ್ತಿತ್ತು, ಎಕರೆಗೆ ಇಷ್ಟು ಮೂಟೆ ಅಂತ.

ಅಡಿಲೇಡಿನ ಜುಲೈ. ಕಿಟಕಿಯಾಚೆ
ಆಲಿವ್ ಮರಗಳ ಬುಡಕ್ಕೆಲ್ಲ ಹುಳಿಸೊಪ್ಪಿನ ಹಳದಿ ಹೂ,
ಯಾರೂ ಬಿತ್ತದ್ದು,
ಯಾವ ಸಮಿತಿಯ ಮುಂದೂ ಕೈಕಟ್ಟಿ ನಿಲ್ಲದೆ
ತಾನಾಗಿ ಹಬ್ಬಿದ್ದು.

ಫರ್ಗಸ್ ಮೊದಲ ಕರಡು ತಿದ್ದಿಕೊಟ್ಟ:
‘ನಾವು’ ಹದಿನೇಳು ಸಲ ಬಂದಿದೆ ನೋಡು.
ಸಮಿತಿಯ ಕಣ್ಣಿಗೆ ನಾವು ಅಂದರೆ ಯಾರೂ ಅಲ್ಲ.
ನಾನು ಅನ್ನು, ಅಂಜಬೇಡ.
ಅವನು ಕೆಂಪು ಗೆರೆ ಎಳೆದ ಹದಿನೇಳು ಕಡೆಯಿಂದ
ಒಬ್ಬೊಬ್ಬರೇ ಕೋಟು ತೊಟ್ಟು ಹೊರಗೆ ನಡೆದರು.
ಕೊನೆಯವಳು ಗ್ಲೆನಿಸ್, ದೀಪ ಆರಿಸಿ.

ಕನ್ನಡದಲ್ಲಿ ಒಂದು ಅನುಕೂಲವಿತ್ತು.
ಮಾಡಿದೆ ಅಂದರೆ ನಾನು ಮಾಡಿದೆ.
ಮಾಡಿದೆ ಅಂದರೆ ಅದು ಮಾಡಿದೆ,
ತಂಡವೋ, ಮಳೆಯೋ, ಆ ವರ್ಷದ ಅದೃಷ್ಟವೋ.
ಆ ಸಂದಿಯಲ್ಲಿ ಎಷ್ಟು ಕಾಲ ಬೆಚ್ಚಗಿದ್ದೆ!
ಇಂಗ್ಲಿಷಿನಲ್ಲಿ ಸಂದಿಯಿಲ್ಲ. ಒಂಟಿ ಅಕ್ಷರವೊಂದು
ಕಂಬದ ಹಾಗೆ ಪ್ರತಿ ವಾಕ್ಯದ ಬಾಗಿಲಲ್ಲಿ ನೆಟ್ಟಗೆ ನಿಂತು
ಗುರುತಿನ ಚೀಟಿ ಕೇಳುತ್ತದೆ.

ಗದಗಿನ ಸ್ಟೇಷನ್ ರಸ್ತೆಯ ಖಾನಾವಳಿಯಲ್ಲಿ
ನೀಲವ್ವತ್ತೆ ಗೋಡೆಗೆ ಬರೆಯುತ್ತಿದ್ದಳು ಸುಣ್ಣದ ಕಡ್ಡಿಯಿಂದ:
ಯಾರು ಉಂಡರು, ಯಾರ ಬಾಕಿ ಎಷ್ಟು.
ರೊಟ್ಟಿ ಬಡಿದವರ ಹೆಸರಿಗೆ ಗೋಡೆಯಲ್ಲಿ ಜಾಗವಿರಲಿಲ್ಲ.
ಎಷ್ಟು ದೊಡ್ಡತನ ಎಂದುಕೊಂಡಿದ್ದೆ, ಮೊನ್ನೆಯವರೆಗೂ.
ದೊಡ್ಡತನವಲ್ಲ.
ಅತ್ತೆಗೆ ಸಂಬಳವೇ ಇರಲಿಲ್ಲ.

ವೃತ್ತಿಯಲ್ಲಿ ಅಡಚಣೆಗಳು? ಐವತ್ತು ಪದ ಮೀರದಂತೆ.
ಆ ಜನವರಿ, ನಲವತ್ತಾರು ಡಿಗ್ರಿ, ಕರೆಂಟು ಹೋಗಿ
ಫ್ರೀಜರಿನಲ್ಲಿದ್ದ ಆರು ವರ್ಷದ ಬೇರುಗಳು
ಚೀಲಚೀಲವಾಗಿ ಕಂದು ನೀರಾದವು.
ಗ್ಲೆನಿಸ್ ಬಕೆಟ್ ತಂದಳು, ಏನೂ ಅನ್ನಲಿಲ್ಲ.
ಮಂಡಿಯೂರಿ ಒರೆಸಿದೆವು.
(ಫರ್ಗಸ್, ಈ ಒಂದನ್ನು ನೀನು ಏನು ತಿದ್ದುತ್ತೀ?)
‘ಉಪಕರಣ ವೈಫಲ್ಯ’ ಎಂದು ಬರೆದೆ.
ಇನ್ನೂ ನಲವತ್ತೆಂಟು ಪದ ಉಳಿದವು.

ಇಪ್ಪತ್ತೆರಡು ವರ್ಷ ಹುಳು ಎಣಿಸಿದವಳು,
ಈಗ ಗೂಲ್ವಾದಲ್ಲಿ, ಮೊಣಕಾಲು ನೋವು, ಎರಡು ನಾಯಿ.
ಹಿಂಜರಿಯುತ್ತ ಬರೆದು ಕೇಳಿದೆ:
ನಾನು ಅಂತ ಬರೆದುಕೊಳ್ಳಲಾ?
ಅರ್ಧ ಗಂಟೆಯಲ್ಲಿ ಉತ್ತರ ಬಂತು:
ಹುಚ್ಚಿ, ಹಳೇ ಸಾಲು ಬಿಟ್ಟು ನಡುವೆ ಬಿತ್ತೋ ಯೋಚನೆ
ನಿಂದಲ್ದೆ ಮತ್ತ್ಯಾರದು? ನಾನಂತೂ ನಕ್ಕಿದ್ದೆ.
ಎಣಿಕೆ ಮಾತ್ರ ನಂದು.
ನಂದು ಅಂತ ಎಲ್ಲಾದ್ರೂ ಒಂದ್ಕಡೆ ಹಾಕು.
ಹೆಸರು ಸರಿಯಾಗಿ ಬರಿ.

ಎಷ್ಟು ಸಲೀಸಾಗಿ ಅಂದಳು, ನಂದು ಅಂತ!
ಚಹದ ಲೋಟ ತನ್ನ ಕಡೆ ಎಳೆದುಕೊಂಡಷ್ಟೇ ಸಲೀಸು.

ಮತ್ತೆ ಕೂತೆ. ಮೊದಲ ‘ನಾನು’ ಗಂಟಲಲ್ಲಿ
ಮೀನಿನ ಮುಳ್ಳಿನಂತೆ; ನಾಲ್ಕನೆಯದಕ್ಕೆ
ಅನ್ನದ ತುತ್ತು ನುಂಗಿದ ಹಾಗೆ ಇಳಿಯಿತು.
ನಲವತ್ತೆಂಟರ ಜಾಗದಲ್ಲಿ ಗ್ಲೆನಿಸ್ ಕೂತಳು,
ಅಡಚಣೆಯ ಖಾನೆಯಲ್ಲೇ. ಬೇರೆಲ್ಲೂ ಹಿಡಿಸಲಿಲ್ಲ.

ನಾಲ್ಕು ನಲವತ್ಮೂರಕ್ಕೆ ಗುಂಡಿ ಒತ್ತಿದೆ.
ನವೆಂಬರಿನಲ್ಲಿ ತಿಳಿಸುತ್ತಾರಂತೆ.

ಲ್ಯಾಬಿನಲ್ಲಿ ನಿನ್ನೆ ಸಂಜೆ
ತೆಳುಕಾಗದದ ಮೇಲೆ ಹರಡಿಟ್ಟ ಮಣ್ಣು.
ಬದುಕಿದ್ದವು ರಾತ್ರಿಯಿಡೀ ಕಾಗದ ತೂರಿ
ನೀರಿಗಿಳಿದಿವೆ. ಯಾರೂ ತಳ್ಳಬೇಕಿಲ್ಲ.
ಅವಳು ಬಿಟ್ಟುಹೋದ ಎಣಿಕೆಯಂತ್ರ ಹೆಬ್ಬೆರಳ ಕೆಳಗೆ,
ಬೆನ್ನಿನ ಪಟ್ಟಿಯಲ್ಲಿ ಹೆಸರು ಮಾಸಿ ‘ನಿಸ್’ ಅಷ್ಟೇ.
ನೂರ ಹದಿನಾರು. ಹದಿನೇಳು.
ಒಂದು ಹುಳು ಸರಿಯಾಗಿ ಗೆರೆಯ ಮೇಲೆ ಮಲಗಿದೆ.
ಎಡಗೆರೆಯಾದರೆ ಲೆಕ್ಕಕ್ಕೆ ತಗೋ,
ಬಲಗೆರೆಯಾದರೆ ಬಿಡು, ಇದು ಅವಳ ಕಾನೂನು.
ಇದು ಎಡಕ್ಕಿತ್ತು.
ಎಣಿಸಿದೆ.