ಹೊಲಿಗೆ ಬಿಚ್ಚುವ ದರ

ಹೊಲಿಯಲು ನಲವತ್ತು ಪುಲಾ, ಬಿಚ್ಚಲು ಅರವತ್ತು.
ಇದೆಂಥಾ ಲೆಕ್ಕ ಅನ್ನುತ್ತಾರೆ ಬಂದವರೆಲ್ಲ.
ಹೊಲಿಯುವಾಗ ಕೈ ಸಾಕು ಮಾರಾಯರೇ,
ಬಿಚ್ಚುವಾಗ ಕಣ್ಣೂ ಬೇಕು.

ಫ್ರಾನ್ಸಿಸ್‌ಟೌನಿನ ಬ್ಲೂ ಜಾಕೆಟ್ ಬೀದಿಯಲ್ಲಿ
ನನ್ನದೊಂದು ಮೆಷಿನ್ನು, ಒಂದು ಮೇಜು, ತಗಡಿನ ನೆರಳು.
ಅಕ್ಟೋಬರಿನ ಬಿಸಿಲಿಗೆ ಕಾಗೆಯೂ ಬಾಯಿ ತೆರೆದು ಕೂತಿರುವ ಹೊತ್ತಲ್ಲಿ
ಇವರು ಬರುತ್ತಾರೆ:
ಹ್ಯಾಟಿನಿಂದ ಬೂಟಿನವರೆಗೆ ಕಪ್ಪು ಚರ್ಮ,
ಸೊಂಟಕ್ಕೆ ಸರಪಳಿ, ಹೆಗಲಿಗೆ ಎತ್ತಿನ ಕೊಂಬು.
ಬೆವರಿಳಿದು ಬೂಟು ತುಂಬಿದರೂ ಗುಂಡಿ ಬಿಚ್ಚುವವರಲ್ಲ.
ಹೊರಗಿನವರು ಹೆದರುತ್ತಾರೆ.
ಎದುರಿನ ಶಾಲೆಯ ಮಕ್ಕಳು ಇವರ ಕೈ ಹಿಡಿದೇ ರಸ್ತೆ ದಾಟುತ್ತವೆ.

ಈ ತಿಂಗಳು ಎಲ್ಲರ ಬಾಯಲ್ಲೂ ಒಂದೇ ಜಗಳ,
‘ತ್ಲಾಡಿ’ಯ ಹೊಸ ಆಲ್ಬಮ್.
ತ್ಲಾಡಿ ಅಂದರೆ ನಮ್ಮಲ್ಲಿ ಸಿಡಿಲು.
ಹದಿನಾಲ್ಕು ವರ್ಷ ಹೆಸರಿಗೆ ತಕ್ಕಂತೆ ಬಡಿದವರು
ಈಗ ಸಣ್ಣಗೆ ಸೆಗಾಬಾ ಎಳೆಯುತ್ತಾ ಶುರುಮಾಡುತ್ತಾರಂತೆ,
ಎಣ್ಣೆ ಡಬ್ಬಕ್ಕೆ ಒಂದೇ ತಂತಿ ಬಿಗಿದ ಆ ವಾದ್ಯ,
ದನ ಕಾಯುವ ಮುದುಕರದ್ದು.

ಮಾಂಸದಂಗಡಿಯ ಗಾಲೆಬೊವೆ ಜಾಕೆಟ್ಟನ್ನು ಮೇಜಿಗೆ ಎಸೆದ.
‘ಬಿಚ್ಚು. ಬೆನ್ನ ಮೇಲಿನ ಹೆಸರು ಬಿಚ್ಚು.
ಕತ್ತಿ ಕಂಡ ಹೋರಿಯ ಹಾಗೆ ಗುಟುರುತ್ತಿದ್ದ ಓಟೆಂಗ್,
ಈಗ ಮಗು ಮಲಗಿಸುವವನ ಹಾಗೆ ಗುನುಗುತ್ತಾನೆ.
ನನಗೇನು ನಿದ್ದೆ ಬರುತ್ತಿಲ್ಲವಾ?’

ನಿದ್ದೆಯ ಮಾತು ಬಂದದ್ದೇ ಲಾರಿಯ ಮೋಆತ್ಲೋಡಿ ಬಾಯಿ ಹಾಕಿದ.
ಅವನಿಗೆ ದನಿಯ ಚಿಂತೆಯಿಲ್ಲ, ಡ್ರಮ್ಮಿನದು.
‘ರಾತ್ರಿ ಎರಡಕ್ಕೆ ನಾಟಾ ದಾರಿಯಲ್ಲಿ
ಹಳೇ ಆಲ್ಬಮ್ಮೇ ನನ್ನ ರೆಪ್ಪೆ ಎತ್ತಿ ಹಿಡಿಯುತ್ತಿದ್ದದ್ದು.
ಇದನ್ನು ಹಾಕಿಕೊಂಡು ಹೋದರೆ
ಆನೆ ಅಡ್ಡ ಬಂದದ್ದು ಆನೆಗೆ ಮಾತ್ರ ಗೊತ್ತಾಗುತ್ತದೆ.’

ತೂಸೊಗೆ ಹತ್ತೊಂಬತ್ತು. ಮೀಸೆ ಇನ್ನೂ ವಿಚಾರ ಮಾಡುತ್ತಿದೆ.
ತ್ಲಾಡಿಯನ್ನು ಅವನು ಕೇಳಿದ್ದೇ ಈ ಆಲ್ಬಮ್ಮಿನಿಂದ.
‘ನನ್ನ ಬೆನ್ನಿಗೆ ದೊಡ್ಡದಾಗಿ ಹೊಲಿ, ಮ್ಮಾ’ ಅಂದ.
ಗಾಲೆಬೊವೆ ಅವನತ್ತ ನೋಡಿದ ರೀತಿಗೆ
ನಾನು ಕತ್ತರಿ ತೆಗೆದು ಒಳಗಿಟ್ಟೆ.

ಆಗ ಒನಾಲೆನ್ನ,
ರಾತ್ರಿ ಪಾಳಿ ಮುಗಿಸಿ ಬಂದ ನರ್ಸು,
ಬಿಳಿ ಅಂಗಿಯ ಮೇಲೇ ಚರ್ಮ ಏರಿಸಿಕೊಂಡವಳು,
ಯಾರನ್ನೂ ನೋಡದೆ ಹೇಳಿದಳು:
‘ಐದನೇ ಹಾಡಲ್ಲಿ ಅವನು ತಮ್ಮನ ಹೆಸರು ಕರೆಯುತ್ತಾನೆ,
ತಾಮ್ರದ ಗಣಿಯಿಂದ ಮೇಲೆ ಬಾರದ ತಮ್ಮ.
ನೀವು ಹೊಸದು ಅನ್ನುತ್ತೀರಿ.
ಅದೇ ಸಾಲು ಮೊದಲ ಆಲ್ಬಮ್ಮಿನಲ್ಲೂ ಇದೆ.
ಆಗ ಗುಟುರಿನಲ್ಲಿ ಹೂತಿತ್ತು.
ನಾವು ಅದಕ್ಕೆ ತಲೆ ಕುಣಿಸಿದೆವು, ಹದಿನಾಲ್ಕು ವರ್ಷ.’

ಯಾರೂ ಮಾತಾಡಲಿಲ್ಲ.
ಗೂಡ್ಸ್ ಗಾಡಿಯೊಂದು ತನ್ನ ಪಾಡಿಗೆ ಹಾದುಹೋಯಿತು,
ಬಹಳ ಉದ್ದ ಇತ್ತು.

ಗಾಲೆಬೊವೆ ಗಂಟಲು ಸರಿಮಾಡಿಕೊಂಡು,
‘ಆದರೂ ಬಿಚ್ಚು’ ಅಂದ.

ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ:
ಹಳೆಯದು ನನಗೆ ಒಗ್ಗಿತ್ತು,
ಅದರ ಗದ್ದಲದಲ್ಲಿ ನನ್ನ ಮೆಷಿನ್ನಿನ ಕಿರಕಿರಿ ಮುಚ್ಚಿಹೋಗುತ್ತಿತ್ತು.
ಹೊಸದರಲ್ಲಿ ನಡುನಡುವೆ ಖಾಲಿ ಬಿಟ್ಟಿದ್ದಾರೆ.
ಅಲ್ಲೆಲ್ಲ ನನ್ನ ಮೆಷಿನ್ನು ಕೇಳುತ್ತದೆ.
ಎಣ್ಣೆ ಬಿಡದೆ ಎಷ್ಟು ದಿನವಾಯಿತು ಅಂತ ನೆನಪಾಗುತ್ತದೆ.
ಇದು ಹೊಗಳಿಕೆಯೋ ದೂರೋ ನನಗೇ ತಿಳಿಯದು.

ಮಧ್ಯಾಹ್ನವೆಲ್ಲ ಬಿಚ್ಚಿದೆ.
ಬಟ್ಟೆಯಾದರೆ ಒಂದು ಒಗೆತಕ್ಕೆ ಮರೆಯುತ್ತದೆ.
ಚರ್ಮ ಹಾಗಲ್ಲ, ಸೂಜಿ ಹೊಕ್ಕ ತೂತು ಕೂಡುವುದಿಲ್ಲ,
ದನ ಸತ್ತಮೇಲೆ ಗಾಯ ಮಾಯುವುದುಂಟೇ?
ಕರೀ ಪಾಲಿಶ್ ತುಂಬಿ ತಿಕ್ಕಿದೆ, ಮತ್ತೆ ತಿಕ್ಕಿದೆ.

ಐದು ಗಂಟೆಗೆ ಬಂದು ತೊಟ್ಟುಕೊಂಡ.
ಅರವತ್ತು ಪುಲಾ ಎಣಿಸಿದ, ಚೌಕಾಶಿ ಮಾಡಲಿಲ್ಲ.
‘ಕಾಣುತ್ತದಾ?’
‘ಓರೆ ಬಿಸಿಲು ಬಿದ್ದರೆ’ ಅಂದೆ.

ಹೋಗುತ್ತಾನೆ ಅಂದುಕೊಂಡೆ.
ತಗಡಿನ ನೆರಳು ದಾಟಿ ನಾಲ್ಕು ಹೆಜ್ಜೆ ನಡೆದವನು
ಇಳಿಯುವ ಸೂರ್ಯನಿಗೆ ಬೆನ್ನು ಕೊಟ್ಟು
ಸುಮ್ಮನೆ, ತುಸು ಹೊತ್ತು, ಅಲ್ಲೇ ನಿಂತಿದ್ದ.