ಇನ್ನೂರು ದಿನಗಳ ಸರಾಸರಿ

ರೂಬೆನ್ ಹಾವಿಸ್ಟೊ ಚೌಕುಳಿ ಹಾಳೆಯ ಮೇಲೆ
ಇವತ್ತಿನ ಚುಕ್ಕಿ ಇಡುತ್ತಾನೆ:
ಏಳು ಡಾಲರ್ ನಲವತ್ತೊಂದು ಸೆಂಟು.
ಕಿಟಕಿಯಾಚೆ ಡುಲೂತ್ ಬಂದರಿನ ಸೇತುವೆ
ಅದಿರು ಹಡಗಿಗೆಂದು ಮೇಲೇಳುತ್ತಿದೆ.
ಅಂಥದೇ ಹಡಗಿನಲ್ಲಿ ಮೂವತ್ತೊಂದು ವರ್ಷ
ಚುಕ್ಕಾಣಿ ಹಿಡಿದವನು. ಪೆನ್ಸಿಲ್ಲು ಈಗಲೂ ಕಿವಿಯ ಸಂದಿಯಲ್ಲಿ.

ಇದನ್ನೆಲ್ಲ ಕಂಪ್ಯೂಟರೇ ಬರೆದು ಕೊಡುತ್ತದಲ್ಲ,
ಅಂದರೆ ಲೈಬ್ರರಿಯ ಡೋರೀನ್,
‘ಅದು ಬರೆದರೆ ಕಣ್ಣಿಗೆ ಗೊತ್ತಾಗುತ್ತೆ,
ನಾನು ಬರೆದರೆ ಕೈಗೆ’ ಅನ್ನುತ್ತಾನೆ.

ಮುಚ್ಚಿದ ನಿಧಿ ಇದು.
ಕುರ್ಚಿಗಳು ಎಣಿಸಿಟ್ಟಷ್ಟೇ;
ಒಬ್ಬ ಎದ್ದರೆ ಮಾತ್ರ ಇನ್ನೊಬ್ಬ ಕೂರಬಹುದು.
ಒಳಗಿರುವುದು ಸಾಲಪತ್ರ,
ದೊಡ್ಡ ಬ್ಯಾಂಕುಗಳು ಬಾಗಿಲಲ್ಲೇ ಮಾತಾಡಿಸಿ ಕಳಿಸಿದವರದು.
ಕಾಗದದ ಮೇಲೆ ಏರುಬಡ್ಡಿ ಬಾಂಡು,
ಪೇಟೆಯವರ ಬಾಯಲ್ಲಿ ಕಸ.
ನೂರರ ಮಾಲು ಎಂಬತ್ತೊಂಬತ್ತಕ್ಕೆ ಬಿಕರಿ.
ಉಳಿದ ಹನ್ನೊಂದು ಯಾರ ಅನುಮಾನ
ಎಂದು ಎಲ್ಲೂ ಬರೆದಿಲ್ಲ.

ಏಳು ಇಪ್ಪತ್ತರಲ್ಲಿ ಅಡ್ಡಕ್ಕೊಂದು ಗೆರೆ.
ಮೂರು ಸಲ ಅಲ್ಲಿ ತಳ ಮುಟ್ಟಿ ಬೆಲೆ ಮೇಲೆದ್ದಿದೆ.
ಆಧಾರ ಅನ್ನುತ್ತಾರೆ ಅದಕ್ಕೆ, ಬಲ್ಲವರು.
ರೂಬೆನ್ನನಿಗೆ ತಳ ಅಂದರೆ ಗೊತ್ತು:
ಸೇಂಟ್ ಮೇರೀಸ್ ನದಿಯ ತಿರುವಿನಲ್ಲಿ
ಹಡಗಿನ ಹೊಟ್ಟೆಗೂ ಬಂಡೆಗೂ ನಡುವೆ ಒಂದು ಗೇಣು.
ಮೂರು ಸಲ ದಾಟಿದೆ ಎನ್ನುವುದು ಮೂರು ಸಲದ ಮಾತು.
ನೀರು ಯಾರಿಗೂ ಆಣೆ ಇಟ್ಟಿಲ್ಲ.

ಇನ್ನು ನೀಲಿ ಗೆರೆ. ಇನ್ನೂರು ದಿನಗಳನ್ನು ಕೂಡಿಸಿ
ಇನ್ನೂರರಿಂದ ಭಾಗಿಸಿ ಎಳೆದದ್ದು.
ಸಂಜೆಗೊಂದು ಹೊಸ ದಿನ ಒಳಗೆ ಬರುತ್ತದೆ,
ಹಿಂದಿನದೊಂದು ಸದ್ದಿಲ್ಲದೆ ಉದುರುತ್ತದೆ.
ಇವತ್ತು ಉದುರಿದ್ದು ಜನವರಿಯ ಒಂದು ಮಂಗಳವಾರ.

ಆ ಮಂಗಳವಾರ ಕ್ಲೊಕೆ ದಾರಿಯ ಕಾಗದದ ಗಿರಣಿ
ಬಡ್ಡಿ ಕಟ್ಟಲಾರೆನೆಂದು ಕೈ ಚೆಲ್ಲಿತ್ತು.
ಪಕ್ಕದ ಮನೆಯ ಲೋರ್ನಾ ಟೆಸ್ಮರ್,
ಹತ್ತೊಂಬತ್ತು ವರ್ಷ ಅಲ್ಲಿ ರೋಲು ಸುತ್ತಿದವಳು,
ಊಟದ ಡಬ್ಬಿ ಬಿಚ್ಚದೆ ವಾಪಸು ಬಂದಳು.
ಈ ಚೌಕುಳಿ ಹಾಳೆಯ ಕಟ್ಟು ತಂದುಕೊಟ್ಟವಳೂ ಅವಳೇ,
ಅಂಚು ಸೊಟ್ಟಗೆ ಕತ್ತರಿಸಿದ್ದಕ್ಕೆ ಪುಕ್ಕಟೆ.

ವಾರ್ಷಿಕ ವರದಿಯ ಇಪ್ಪತ್ಮೂರನೆಯ ಪುಟದಲ್ಲಿ,
ಭೂತಗನ್ನಡಿಗೆ ಮಾತ್ರ ಸಿಗುವ ಅಕ್ಷರದಲ್ಲಿ
ಗಿರಣಿಯ ಹೆಸರಿತ್ತು. ಒಂಬತ್ತೂವರೆ ಪರ್ಸೆಂಟು.
ಅಂದರೆ ಇಷ್ಟು ವರ್ಷ ತಿಂಗಳ ಚೆಕ್ಕಿನಲ್ಲಿ
ಅವಳ ರಾತ್ರಿಪಾಳಿಯ ಒಂದೆರಡು ಸೆಂಟು
ಬೇಲಿ ದಾಟಿ ಇವನ ಜೇಬಿಗೆ ಬೀಳುತ್ತಿತ್ತು.
ಅವನು ಹೇಳಿಲ್ಲ. ಹೇಳುವುದಾದರೂ ಹೇಗೆ,
ಬೆಲ್ಲು ಒತ್ತಿ, ಟೋಪಿ ತೆಗೆದು?

ಈಗ ಆ ದಿನ ಲೆಕ್ಕದಿಂದ ಹೊರಗೆ.
ನೀಲಿ ಗೆರೆ ಕೂದಲೆಳೆಯಷ್ಟು ಮೇಲೆದ್ದಿದೆ,
ಪುಸ್ತಕದ ಪ್ರಕಾರ ಇದು ಒಳ್ಳೆಯ ಸೂಚನೆ.
ಲೋರ್ನಾ ಪೆಟ್ರೋಲ್ ಬಂಕಿನ ಗಾಜಿನ ಗೂಡಿನಲ್ಲಿ
ರಾತ್ರಿ ಹನ್ನೊಂದರಿಂದ ಕೂರುತ್ತಾಳೆ.
ಅವಳ ಮಂಗಳವಾರ ಯಾವ ಸರಾಸರಿಯಿಂದ ಯಾವತ್ತು ಉದುರುತ್ತದೋ.

ಹೊರಟವಳು ಬೇಲಿಯಾಚೆಯಿಂದಲೇ ಕೂಗುತ್ತಾಳೆ,
‘ಏರಿತಾ ರೂಬೆನ್, ಇಳಿಯಿತಾ?’
ಅವನು ಹಾಳೆಯನ್ನು ಬೋರಲು ಹಾಕುತ್ತಾನೆ.
‘ಅಡ್ಡಡ್ಡ ಹೋಗ್ತಿದೆ’ ಅನ್ನುತ್ತಾನೆ.
‘ನಂದೂ’ ಎಂದು ನಕ್ಕು ಅವಳು
ಕಾರಿನ ಗಾಜಿನ ಮೇಲಿನ ಹಿಮ ಕೆರೆಯತೊಡಗುತ್ತಾಳೆ.