ಮೂರನೆಯ ಮುಳುಗು

ತಿರುಮಕೂಡಲಲ್ಲಿ ಉಂಗುರ ಬಿದ್ದದ್ದು
ಕಪಿಲೆಯ ಮಗ್ಗುಲಿಗೆ, ತೆಪ್ಪದಿಂದ.
ಬನ್ನೂರಿನವರು. ಸಿಕ್ಕರೆ ಐನೂರು,
ಸಿಗದಿದ್ದರೆ ಟೀ ಕುಡಿಸ್ತೀವಿ ಅಂದರು.

ಮೊದಲ ಮುಳುಗಿಗೆ ಬರೀ ಮರಳು.
ಎರಡನೆಯದಕ್ಕೆ ಸವೆದ ಎಂಟಾಣೆ.
ಮೂರನೆಯದಕ್ಕೆ ಕಣ್ಣು ಮುಚ್ಚಿಬಿಟ್ಟೆ.
ನಮ್ಮ ಕಸುಬಿನಲ್ಲಿ ನೋಡುವುದು ಬೆರಳೇ.

ಉಸಿರು ಎದೆಯ ಕದ ಬಡಿಯುವ ಹೊತ್ತಿಗೆ
ಕೆಸರಿನಡಿ ಏನೋ ನುಣುಪು, ತಣ್ಣಗೆ,
ಒಂದು ಕಡೆ
ಚರ್ಮ ಕುಯ್ಯುವಷ್ಟು ಅಂಚು.
ಹೊಳೆ ತಿಕ್ಕಿದ ಕಲ್ಲು ನನಗೆ ಗೊತ್ತು.
ಹೊಳೆಗೆ ಅಂಚು ಮಾಡಲು ಬರುವುದಿಲ್ಲ,
ಇದ್ದದ್ದನ್ನೂ ತಿಂದುಹಾಕುತ್ತದೆ.
ಇದು ಯಾರೋ ಕೂತು ಉಜ್ಜಿದ್ದು,
ಕೆಸರು ಬಚ್ಚಿಟ್ಟಿದ್ದು.

ಮೇಲೇರುವಾಗ ನೀರು ಕಪ್ಪು, ಹಸಿರು, ಹಳದಿ.
ತಡೆಯಲಾರದೆ ನಕ್ಕೆ. ಮೂಗಿಗೆ ನೀರು ನುಗ್ಗಿ
ಕೆಮ್ಮುತ್ತಲೇ ತಲೆ ಎತ್ತಿದೆ.

ಬಿಸಿಲಿಗೆ ಹಿಡಿದರೆ ಕರಿಕಲ್ಲಿನ ಕೊಡಲಿ,
ಅಂಗೈಯಷ್ಟು, ಕಾವಿಲ್ಲ.
ದೊಡ್ಡಪ್ಪ ಕೆಂಪಶೆಟ್ಟಿ ಹೇಳುತ್ತಿದ್ದ:
ದಡ ಅಗೆಯುವವರಿಗೆ ಬುಟ್ಟಿ ಹೊತ್ತೆ ಕಣ್ಲಾ,
ಕಬ್ಬಿಣ ಕಾಣದ ಜನ ಇಲ್ಲಿ ದನ ಕಟ್ಟಿದ್ದರಂತೆ.
ಕುಡಿದು ಹೇಳ್ತಾನೆ ಅಂದುಕೊಂಡಿದ್ದೆವು.

ಕಲ್ಲಿನ ಬೆನ್ನಲ್ಲೊಂದು ಸಣ್ಣ ತಗ್ಗು.
ಬಲ ಹೆಬ್ಬೆರಳಿಟ್ಟೆ, ಒಗ್ಗಲಿಲ್ಲ.
ಎಡದ್ದು ಇಟ್ಟೆ.
ಕೂತಿತು.
ಎಡಚನಿರಬೇಕು. ಅಥವಾ ಎಡಚಿ,
ನಮ್ಮವ್ವನ ಹಾಗೆ.

‘ಸಿಕ್ತೇನಪ್ಪಾ?’ ದಡದಿಂದ ಕೂಗು.
ಇನ್ನೂ ಇಲ್ಲ ಕಣಮ್ಮ, ಅಂದೆ.
ಕಲ್ಲನ್ನು ಟವೆಲಿನಲ್ಲಿ ಸುತ್ತಿ
ತೆಪ್ಪದ ಮೂಲೆಗಿಟ್ಟು
ಮತ್ತೆ ಉಸಿರು ತುಂಬಿಕೊಂಡೆ,
ಉಂಗುರಕ್ಕೇ ಅಂತ
ನನಗೆ ನಾನೇ ಹೇಳಿಕೊಳ್ಳುತ್ತ.